ಫಕೀರವ್ವನ ಕೈಯೊಳಗೆ ನಲವತ್ತೊಂದು ಸಾವಿರ ಮಂದಿ

ಗದಗ-ಬೆಟಗೇರಿಯ ಫಕೀರವ್ವ ಬಲಗೈ ಅದ್ದಿದ ಕೂಡಲೇ ಒಂದು ಗಡಿಗೆ ಮಜ್ಜಿಗೆ ಕುದಿಯಿತು ಎಂದರೆ ಈಗಿನವರು ನಂಬುವುದಿಲ್ಲ. ನಂಬದಿದ್ದರೆ ಬೇಡ. ಆದರೆ ಆ ಮಜ್ಜಿಗೆಯನ್ನು ಹೊಸ ನಮೂನೆಯ ಸಾರು ಎಂದುಕೊಂಡು ಅನ್ನಕ್ಕೆ ಕಲಸಿ ಉಂಡವರು ಏಳು ಮಂದಿ ಇದ್ದರು. ಅವರಲ್ಲಿ ಇಬ್ಬರು ಇನ್ನೊಮ್ಮೆ ಹಾಕಿಸಿಕೊಂಡರು.

ಹುಬ್ಬಳ್ಳಿಯಿಂದ ಗದಗಿಗೆ ಹನ್ನೆರಡು ನಿಮಿಷದಲ್ಲಿ ಬರುವ ಗಾಡಿ ಓಡಾಡುತ್ತಿದ್ದ ಕಾಲ ಅದು. ಕಾಲು ಹೋದವರಿಗೆ ಕಾಲು, ಕಣ್ಣು ಹೋದವರಿಗೆ ಕಣ್ಣು ಪೆಟ್ಟಿಗೆಯಲ್ಲಿ ಪ್ಯಾಕಾಗಿ ಮನೆಗೇ ಬರುತ್ತಿದ್ದವು. ಫಕೀರವ್ವನ ಬಲಗೈ ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕಿ ಹೋಗಿ ಏಳು ವರ್ಷವಾಗಿತ್ತು. ಆ ಜಾಗಕ್ಕೆ ‘ಕೈಜೋಡಿ’ ಎಂಬ ಕಂಪನಿಯ ಯಂತ್ರದ ಕೈ ಬಂದು ಕೂತಿತ್ತು. ಬೂದಿ ಬಣ್ಣದ ಐದು ಬೆರಳು, ಮಣಿಕಟ್ಟಿನಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕಂಪ್ಯೂಟರು. ತೋಳಿನ ನರದಲ್ಲಿ ಹರಿದು ಬರುವ ಅಪ್ಪಣೆಯನ್ನು ಅದು ಓದುತ್ತಿತ್ತು, ಬೆರಳಿಗೆ ತಿಳಿಸುತ್ತಿತ್ತು, ಮಾಡಿದ್ದನ್ನು ನೆನಪಿಟ್ಟುಕೊಳ್ಳುತ್ತಿತ್ತು. ಅಷ್ಟೇ ಅದರ ವಿದ್ಯೆ.

ಆದರೆ ಕಂಪನಿಯವರು ಕೊಟ್ಟದ್ದು ಕೈ ಮಾತ್ರ, ಕಸುಬನ್ನಲ್ಲ. ಫಕೀರವ್ವನದು ಬೆಟಗೇರಿ ಬಸ್‌ ನಿಲ್ದಾಣದ ಹಿಂದೆ ಎಂಟು ಬೆಂಚಿನ ಖಾನಾವಳಿ, ಅದರ ಜೀವವೆಲ್ಲ ಅವಳ ಜೋಳದ ರೊಟ್ಟಿ. ಹೊಸ ಕೈ ಬಡಿದ ಮೊದಲ ರೊಟ್ಟಿ ಒಂದು ಕಡೆ ಹಪ್ಪಳದಂತೆ, ಇನ್ನೊಂದು ಕಡೆ ಚಪ್ಪಲಿಯಂತೆ ಇತ್ತು. ಅವಳು ಎಡಗೈಯನ್ನು ಅದರ ಮೇಲಿಟ್ಟು, ಬೈದು, ರಮಿಸಿ, ವರ್ಷಗಟ್ಟಲೆ ಬಡಿಯಲು ಕಲಿಸಿದಳು. ಅಂಚು ಸೀಳುವ ಮೊದಲೇ ಹಿಟ್ಟನ್ನು ಒಳಕ್ಕೆ ಒತ್ತಿಕೊಳ್ಳುವುದು, ನಡುವೆ ಹಗುರ ಅಂಚಿಗೆ ಭಾರ ಹಾಕುವುದು, ರೊಟ್ಟಿ ತಾನಾಗಿಯೇ ಸುತ್ತುವ ಹಾಗೆ ಅಂಗೈ ಓರೆ ಮಾಡುವುದು, ಎಲ್ಲವೂ ಒಂದೊಂದಾಗಿ ಆ ಬೆಂಕಿಪೆಟ್ಟಿಗೆಗೆ ಇಳಿಯಿತು. ಮೂರನೆಯ ವರ್ಷಕ್ಕೆ ರೊಟ್ಟಿ ಕಾಗದದಷ್ಟು ತೆಳ್ಳಗೆ ಬಂತು. ಆ ದಿನ ಅವಳು ಗಿರಾಕಿಗಳಿಗೆಲ್ಲ ಶೇಂಗಾ ಹೋಳಿಗೆ ಹಾಕಿದಳು.

ಇಂಥ ಕೈಗೆ ಒಂದು ಸೋಮವಾರ ಕಂಪನಿಯಿಂದ ಹೊಸ ಅಪ್‌ಡೇಟ್ ಬಂತು. ಒಂಬತ್ತನೆಯ ಆವೃತ್ತಿಯಂತೆ. ಯಾರೂ ಕೇಳಿರಲಿಲ್ಲ. ಅವಳು ಹಲ್ಲುಜ್ಜುತ್ತಿದ್ದಾಗ ಅದು ತಾನಾಗಿಯೇ ಇಳಿದು, ಬೆರಳುಗಳನ್ನು ಒಂದು ಸಲ ಚಾಚಿ ಮಡಚಿ, ಸುಮ್ಮನಾಯಿತು.

ಸೋಮವಾರ ಕೈ ಬೆಚ್ಚಗಿತ್ತು. ಮಂಗಳವಾರ ಮಧ್ಯಾಹ್ನಕ್ಕೆ ಬಿಸಿಯಾಯಿತು. ಬುಧವಾರ ಇನ್ನೊಂದು ರೋಗ ಶುರುವಾಯಿತು. ಅವಳು ಈಗ ಬಡಿ ಎಂದು ಮನಸ್ಸು ಮಾಡಿದರೆ, ಕೈ ಅರ್ಧ ನಿಮಿಷ ಬಿಟ್ಟು ಬಡಿಯುತ್ತಿತ್ತು. ಹಿಟ್ಟಿನ ಉಂಡೆಯ ಮುಂದೆ ಕೂತು ಎಷ್ಟು ಕಾದರೂ ಅಲುಗದು. ಸಾಕಾಗಿ ಎದ್ದು ಸಾರು ಬಡಿಸಲು ಹೋದಳು. ಅಲ್ಲಿ ಗುರುಬಸಪ್ಪ ಎಂಬ ಹಿರಿಯರು ತಲೆ ಬಗ್ಗಿಸಿ ಉಣ್ಣುತ್ತಿದ್ದರು. ಅವರ ಬೋಳುತಲೆಯ ಮೇಲೆ ಕೈ ತಪತಪನೆ ಹತ್ತು ಏಟು ಬಡಿದು, ಅಂಚನ್ನು ಒಳಕ್ಕೆ ಒತ್ತಿ, ಓರೆ ಮಾಡಿ ತಿರುಗಿಸಿಯೂ ನೋಡಿತು.

“ಏನವ್ವಾ ಫಕೀರವ್ವ, ಹಂಚಿಗೆ ಹಾಕ್ತೀ ಏನ ಹಂಗ?” ಎಂದರು ಗುರುಬಸಪ್ಪ.

“ತಪ್ಪಾತ್ರಿ ಅಜ್ಜಾರ. ಕೈ ನನ್ನ ಮಾತ ಕೇಳವಲ್ದು.”

“ಕೈ ಕೇಳ್ಲಿ ಬಿಡ್ಲಿ, ನಾಳೆ ಸಂಜಿ ನಾಕಕ್ಕ ನಮ್ಮ ಆರುನೂರ ರೊಟ್ಟಿ ತಯಾರ ಇರ್ಬೇಕು. ಹದಿನೈದ ದಿನದ ದಾರಿ.”

ಗುರುಬಸಪ್ಪ ಶ್ರೀಶೈಲಕ್ಕೆ ನಡೆದು ಹೋಗುವ ನಲವತ್ತು ಮಂದಿಯ ಹಿರಿಯರು. ಗಾಡಿಗಳು ಎಷ್ಟೇ ಓಡಲಿ, ಮಲ್ಲಯ್ಯನ ಹತ್ತಿರ ನಡೆದೇ ಹೋಗಬೇಕು, ಕೈಯಲ್ಲಿ ಬಡಿದ ಖಡಕ್ ರೊಟ್ಟಿಯನ್ನೇ ಕಟ್ಟಿಕೊಂಡು ಹೋಗಬೇಕು ಎಂಬುದು ಬದಲಾಗಿರಲಿಲ್ಲ. ಊರಲ್ಲಿ ಉಳಿದವರೆಲ್ಲ ಮಷಿನ್ನಿನ ರೊಟ್ಟಿ ಕೊಳ್ಳುವವರೇ, ಮನೆಯಲ್ಲಿ ಬಡಿಯುವವರಿರಲಿಲ್ಲ. ಫಕೀರವ್ವನ ನಾದಿನಿ ಕಾಶವ್ವ ಅದೇ ಖಾನಾವಳಿಯಲ್ಲಿ ಬೇಯಿಸುವ ಕೆಲಸ ನೋಡಿಕೊಳ್ಳುತ್ತಿದ್ದಳು, ಬಡಿಯಲೂ ಬರುತ್ತಿತ್ತು. ಆದರೆ ಅವಳು ಒಂದು ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಊರಿನ ಮೂರು ಜಗಳದ ಕಥೆ ಮುಗಿಯುತ್ತಿತ್ತು.

ಕಂಪನಿಯ ಸಹಾಯವಾಣಿಗೆ ಫಕೀರವ್ವ ಫೋನು ಹಚ್ಚಿದಳು. ಒಂದು ಹೆಣ್ಣು ಧ್ವನಿ ಅದು ಒತ್ತಿ ಇದು ಒತ್ತಿ ಎಂದಿತು. ಒತ್ತುವ ಬೆರಳುಗಳೇ ಕೆಟ್ಟಿದ್ದರಿಂದ ಎಡಗೈಯಿಂದ ಒತ್ತಿದಳು. ಕಡೆಗೆ ಬಂದ ಗಂಡು ಧ್ವನಿ, ಹೊಸ ಆವೃತ್ತಿ ಹೊಂದಿಕೊಳ್ಳಲು ಎಪ್ಪತ್ತೆರಡು ಗಂಟೆ ಕಾಯಿರಿ ಎಂದಿತು.

“ರೊಟ್ಟಿ ನಾಳೇನ ಬೇಕಲ್ರಿ.”

“ಹಾಗಾದರೆ ಒಂದು ಸಲ ಆಫ್ ಮಾಡಿ ಆನ್ ಮಾಡಿ ಮೇಡಂ.”

ಆಫ್ ಮಾಡಿದರೆ ಕೈ ತೊಟ್ಟಿಲಿನಿಂದ ಜಾರಿದ ಕೂಸಿನಂತೆ ಜೋತು ಬಿತ್ತು. ಆನ್ ಮಾಡಿದರೆ ಎದ್ದೇಳಲು ಮುಕ್ಕಾಲು ಗಂಟೆ ತೆಗೆದುಕೊಂಡಿತು, ಎದ್ದಾಗ ಮೊದಲಿಗಿಂತ ಬಿಸಿ. ಮತ್ತೆ ಫೋನು. ಬೇಡದ ಕೆಲಸಗಳನ್ನು ಮುಚ್ಚಿ ಎಂದರು. ಯಾವ ಕೆಲಸ ಎಂದಳು. ಹಿಂದೆ ನಡೆಯುತ್ತಿರುವ ಕೆಲಸ ಎಂದರು. ಅವಳು ಹಿಂದಕ್ಕೆ ತಿರುಗಿ ನೋಡಿದಳು. ಹಿಂದೆ ಕಾಶವ್ವ ಬದನೆಕಾಯಿ ಹೆಚ್ಚುತ್ತಿದ್ದಳು.

“ಕಾಶವ್ವಾ, ಹೆಚ್ಚೂದ ನಿಂದ್ರಸ ಸ್ವಲ್ಪ.”

“ಯಾಕ ವೈನಿ?”

“ಕಂಪನ್ಯಾಗಿನವ್ರು ಹೇಳ್ಯಾರ.”

ಕಾಶವ್ವ ಈಳಿಗೆ ಮಡಚಿ ಕಾಲುಗಂಟೆ ಸುಮ್ಮನೆ ಕೂತಳು. ಕೈಯ ಬಿಸಿ ಇಳಿಯಲಿಲ್ಲ. ಆಗಲೇ ಫಕೀರವ್ವ ತಾಳಲಾರದೆ ಕೈಯನ್ನು ಮಜ್ಜಿಗೆ ಗಡಿಗೆಯಲ್ಲಿ ಅದ್ದಿದ್ದು.

ಇಷ್ಟರ ನಡುವೆ ಮಣಿಕಟ್ಟಿನಿಂದ ಆಗಾಗ ಒಂದು ಸಣ್ಣ ಧ್ವನಿ ಬರುತ್ತಿತ್ತು. “ಹೇಳಿ,” ಎನ್ನುತ್ತಿತ್ತು ಅದು, ತೀರ ಮರ್ಯಾದೆಯಿಂದ. ಮೊದಲು ಅವಳು ಯಾರೋ ಗಿರಾಕಿ ಎಂದುಕೊಂಡಳು. ಆಮೇಲೆ ಕೈಯೇ ಮಾತಾಡುತ್ತಿದೆ ಎಂದು ತಿಳಿದು, “ನೀನ ಹೇಳ, ನಿನಗೇನ ಆಗೇತಿ ಅಂತ,” ಎಂದಳು. ಧ್ವನಿ ಸ್ವಲ್ಪ ಹೊತ್ತು ಯೋಚಿಸಿ, “ಅರ್ಥವಾಗಲಿಲ್ಲ. ಹೇಳಿ,” ಎಂದಿತು. ಮಾತಿಗೆ ಮಾತು ಬೆಳೆಸಲು ಅವಳಿಗೆ ಪುರಸೊತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಖಾನಾವಳಿಯ ಫೋನು ಹೊಡೆದುಕೊಂಡಿತು. ಫಕೀರವ್ವ ಹಿಟ್ಟಿನ ಮುಂದೆ ಕೂತು ಬಾರದ ಏಟಿಗೆ ಕಾಯುತ್ತಿದ್ದಳು. ಕಾಶವ್ವ ಫೋನು ಎತ್ತಿ, ಎಲ್ಲರಿಗೂ ಕೇಳುವಂತೆ ಕಿರಿಚಿ ಮಾತಾಡಿದಳು. ಆ ಕಡೆಯವನ ದನಿಯೂ ಅಷ್ಟೇ ಜೋರಿತ್ತು.

“ಕೈಜೋಡಿ ಕಂಪನಿಯಿಂದ ಮಾತಾಡುದು. ಫಕೀರವ್ವ ಅಮ್ಮ ಇದ್ದಾರಾ? ಅವರು ಸೌಖ್ಯ ಇದ್ದಾರಾ?”

“ಅದಾರ್ರಿ. ಬಡ್ಯಾಕತ್ತಾರ.”

“ಬಡಿಯುದಾ? ಯಾರು ಯಾರಿಗೆ ಬಡಿಯುದು?”

“ನಮ್ಮ ವೈನಿನ ರೀ. ಮುಂಜಾನಿಂದ ಬಡ್ಯಾಕತ್ತಾರ, ಒಂದೂ ಸರಿ ಬೀಳವಲ್ದು.”

“ಅಯ್ಯೋ ದೇವರೇ. ನೀವು ಬಾಗಿಲು ಹಾಕಿ ಒಳಗೆ ಕೂತುಕೊಳ್ಳಿ, ನಾನು ಈಗಲೇ ಬಂದೆ,” ಎಂದು ಫೋನು ಇಟ್ಟ.

“ಏನಂತ?” ಎಂದಳು ಫಕೀರವ್ವ.

“ಬಾಗಲಾ ಹಾಕ್ರಿ ಅಂದ. ಖಾನಾವಳಿ ಬಾಗಲಾ ಹಾಕಿದ್ರ ಮಂದಿ ಎಲ್ಲಿ ಉಣ್ಣಬೇಕು? ತಲಿ ಕೆಟ್ಟೈತಿ ಅವಂದು.”

ಅರ್ಧ ಗಂಟೆಯೊಳಗೆ ಎತ್ತರದ, ಬೆವೆತ ಮನುಷ್ಯನೊಬ್ಬ ಓಡಿ ಬಂದ. ಒಂದು ಕೈಯಲ್ಲಿ ಗಾಯಕ್ಕೆ ಕಟ್ಟುವ ಪಟ್ಟಿಯ ಡಬ್ಬಿ, ಇನ್ನೊಂದರಲ್ಲಿ ತಟ್ಟೆಯಂಥ ಕಂಪ್ಯೂಟರು. ಬಾಗಿಲಲ್ಲೇ ನಿಂತು ರಕ್ತ ಎಲ್ಲಿ ಎಂದು ಹುಡುಕಿದ. ಎಂಟು ಬೆಂಚಿನ ಮಂದಿ ಉಣ್ಣುವುದು ಬಿಟ್ಟು ಅವನನ್ನೇ ನೋಡಿದರು.

“ಪೆಟ್ಟು ತಿಂದವರು ಎಲ್ಲಿ?” ಎಂದ.

“ಅಲ್ಲಿ ಕುಂತಾರ ನೋಡ್ರಿ,” ಎಂದು ಕಾಶವ್ವ ಬೋಳುತಲೆ ಸವರಿಕೊಳ್ಳುತ್ತಿದ್ದ ಗುರುಬಸಪ್ಪನವರನ್ನು ತೋರಿಸಿದಳು. “ಆದ್ರ ಅದು ನಿನ್ನಿದು. ನೀವ್ಯಾರು?”

“ನಾನು ಕಂಪನಿಯ ಎಂಜಿನಿಯರ್, ವಲೇರಿಯನ್ ಲೋಬೊ. ಮಂಗಳೂರಿನವ. ಹುಬ್ಬಳ್ಳಿಗೆ ಬಂದು ಎಂಟು ದಿನ ಆಯ್ತು ಅಷ್ಟೆ.”

“ಒಲ್ಲೆರಿಯನ್ನ?” ಫಕೀರವ್ವ ಹಿಟ್ಟಿನ ಮುಂದಿನಿಂದ ತಲೆ ಎತ್ತಿದಳು. “ಹೆಸರ ಹೇಳೂಕಿಂತ ಮೊದ್ಲ ಒಲ್ಲೆ ಅಂತಾನಲ್ಲವ್ವ ಇಂವ. ಇವನಿಂದ ಕೆಲಸ ಆದಂಗ. ಬಾ ತಮ್ಮಾ, ಕುಂದ್ರು. ನೀರ ಕುಡಿ.”

ನೀರು ಕುಡಿಯುತ್ತ ಅವನು ಕಂಪನಿಯಲ್ಲಿ ನಡೆದದ್ದನ್ನು ಹೇಳಿದ. ಹುಬ್ಬಳ್ಳಿಯ ಕಚೇರಿಯಲ್ಲಿ ಒಂದು ಗೋಡೆಯಷ್ಟು ದೊಡ್ಡ ಪರದೆ ಇದೆಯಂತೆ. ಅದರಲ್ಲಿ ಕಂಪನಿಯ ಎಲ್ಲ ಕೈಕಾಲುಗಳೂ ಹಸಿರು ಚುಕ್ಕೆಗಳಾಗಿ ಕಾಣುತ್ತವಂತೆ. ಸೋಮವಾರ ಮಧ್ಯಾಹ್ನ ಬೆಟಗೇರಿಯ ಒಂದು ಚುಕ್ಕೆ ಕೆಂಪಾಯಿತು. ಆ ಕೈಯವರು ಸಹಾಯ ಕೇಳುತ್ತಿದ್ದಾರೆ ಎಂದರ್ಥ. ಒಂದು ಸಲ ಅಲ್ಲ, ಸಂಜೆಯೊಳಗೆ ಹದಿನೆಂಟು ಸಾವಿರ ಸಲ. ಕಚೇರಿಯ ಮೇಡಂ ಪರದೆಯೇ ಕೆಟ್ಟಿದೆ ಎಂದು ಅದನ್ನು ಒರೆಸಿ ನೋಡಿದರು. ಮಂಗಳವಾರ ಮೂವತ್ತಮೂರು ಸಾವಿರವಾಯಿತು. ಬುಧವಾರ ನಲವತ್ತೊಂದು ಸಾವಿರದ ನಾನೂರು. ಇಷ್ಟು ಸಲ ಕಾಪಾಡಿ ಎನ್ನುವವರು ಬಾವಿಯಲ್ಲಿ ಬಿದ್ದಿರಬೇಕು ಎಂದು ಮೇಡಂ ಹೇಳಿದರಂತೆ.

“ನಾ ಯಾವಾಗ ಕರದೆ? ಯಾರನ್ನ ಕರದೆ?” ಫಕೀರವ್ವನಿಗೆ ಸಿಟ್ಟು ಬಂತು. “ನಾ ಫೋನ್ ಹಚ್ಚಿದಾಗ ಎಪ್ಪತ್ತೆರಡ ತಾಸ ಕಾಯಿ ಅಂದ್ರು.”

“ಅದು ಬೇರೆ ವಿಭಾಗ ಅಮ್ಮ. ಅವರಿಗೂ ನಮಗೂ ಮಾತಿಲ್ಲ.”

ಅವನು ತಟ್ಟೆ ಕಂಪ್ಯೂಟರಿಗೂ ಅವಳ ಮಣಿಕಟ್ಟಿಗೂ ಒಂದು ತಂತಿ ಸಿಕ್ಕಿಸಿದ. “ಪ್ರೊಸೆಸರ್ ತೊಂಬತ್ತೊಂಬತ್ತು ಪರ್ಸೆಂಟ್ ಉಂಟು. ಎಂತ ಮಾರಾಯ್ರೆ ಇದು, ಜಾತ್ರೆ ಬಸ್ಸಿನ ಹಾಗೆ ತುಂಬಿದೆ. ನೀವು ಈ ಕೈಯಿಂದ ಎಂತ ಮಾಡುದು? ಒಂದು ಸಲ ಮಾಡಿ ತೋರಿಸಿ.”

ಅವಳು ತೋರಿಸಿದಳು. ಅಂದರೆ, ತೋರಿಸಲು ಮನಸ್ಸು ಮಾಡಿದಳು. ಎಲ್ಲರೂ ಕಾದರು. ಅರ್ಧ ನಿಮಿಷದ ಮೇಲೆ ಕೈ ಉಂಡೆಯ ಮೇಲೆ ಬಿತ್ತು. ತಪ್ ತಪ್. ವಲೇರಿಯನ್ನನ ತಟ್ಟೆಯಲ್ಲಿ ಲೆಕ್ಕ ಒಂದು ಏರಿತು. ತಪ್ ತಪ್. ಇನ್ನೊಂದು ಏರಿತು. ಅವನು ಹಣೆ ಚಚ್ಚಿಕೊಂಡ.

“ನೀವು ರೊಟ್ಟಿಗೆ ಹೀಗೆ ಹೊಡೆಯುದಾ? ಲಟ್ಟಿಸುದಲ್ಲವಾ?”

“ಲಟ್ಟಸಾಕ ಇದೇನ ಚಪಾತಿ ಏನ? ಜ್ವಾಳದ ಹಿಟ್ಟ ಇದು. ಬಡೀಲಾರದ ಬರೂದಿಲ್ಲ.”

ಆಗ ಗುಟ್ಟು ಹೊರಗೆ ಬಿತ್ತು. ಒಂಬತ್ತನೆಯ ಆವೃತ್ತಿಯಲ್ಲಿ ಕಂಪನಿಯವರು ಹೊಸದೊಂದು ಸವಲತ್ತು ಇಟ್ಟಿದ್ದರು. ಕೈ ಎಲ್ಲಾದರೂ ಸಿಕ್ಕಿಕೊಂಡರೆ, ಅಂಗೈಯಿಂದ ಬೇಗ ಬೇಗ ಎರಡು ಸಲ ತಟ್ಟಬೇಕು. ಆಗ ಕೈಯೊಳಗೆ ಒಬ್ಬ ಸಹಾಯಕ ಎಚ್ಚರಗೊಂಡು, ‘ಹೇಳಿ’ ಎಂದು ಕೇಳುತ್ತಾನೆ. ಮನುಷ್ಯನಲ್ಲ, ಒಂದು ಸಣ್ಣ ಪ್ರೋಗ್ರಾಮು. ಅಪ್ಪಣೆ ಬರುವ ತನಕ ಅವನು ಕಾಯುತ್ತಾನೆ, ಕೈಯ ಬುದ್ಧಿಯ ಒಂದು ಚೂರನ್ನು ಹಿಡಿದುಕೊಂಡೇ ಕಾಯುತ್ತಾನೆ. ಗಿರಾಕಿ ಮಾತಾಡುವ ಮೊದಲೇ ಹೊರಟುಹೋದರೆ ಮರ್ಯಾದೆಯಲ್ಲ ಎಂದು ಬೆಂಗಳೂರಿನಲ್ಲಿ ಯಾರೋ ತೀರ್ಮಾನಿಸಿದ್ದರು. ಆ ಪುಣ್ಯಾತ್ಮ ಜೋಳದ ರೊಟ್ಟಿ ಬಡಿಯುವುದನ್ನು ನೋಡಿದವನಲ್ಲ. ಒಂದು ರೊಟ್ಟಿಗೆ ನೂರಿಪ್ಪತ್ತು ಏಟು, ಅಂದರೆ ಅರವತ್ತು ಸಹಾಯಕರು. ಸೋಮವಾರ ಮುನ್ನೂರು ರೊಟ್ಟಿ, ಮಂಗಳವಾರ ಇನ್ನೂರೈವತ್ತು, ಬುಧವಾರ ಏದುಸಿರು ಬಿಡುತ್ತ ನೂರಾನಲವತ್ತು.

“ಅಂದ್ರ ಈಗ ನನ್ನ ಕೈಯಾಗ ನಲವತ್ತೊಂದ ಸಾವಿರ ಮಂದಿ ನಿಂತಾರ?”

“ನಾನೂರ ಎರಡು ಹೆಚ್ಚು. ಈಗ ನೀವು ಬಡಿದದ್ದೂ ಸೇರಿ.”

“ಹೋಗಂತ ಹೇಳ ಅವ್ರಿಗೆ,” ಎಂದಳು ಕಾಶವ್ವ, ಮತ್ತು ವಲೇರಿಯನ್ನನಿಗೆ ಕಾಯದೆ ವೈನಿಯ ಮಣಿಕಟ್ಟಿಗೇ ಬಾಯಿಟ್ಟು ಕೂಗಿದಳು. “ಹೋಗ್ರೋ ಮನಿಗೆ.”

“ಸಹಾಯ ಮಾಡದೆ ಹೋಗಲು ಅನುಮತಿ ಇಲ್ಲ,” ಎಂದಿತು ಸಣ್ಣ ಧ್ವನಿ. “ಹೇಳಿ.”

“ಎಂಥಾ ಪೀಡಾ ಇದು. ಸಾಲೀ ಮಾಸ್ತರಗತೆ ಮಾತಾಡ್ತೈತಿ.”

ವಲೇರಿಯನ್ ತನಗೆ ಗೊತ್ತಿದ್ದ ಔಷಧಿಗಳನ್ನೆಲ್ಲ ಮಾಡಿದ. ಸಹಾಯಕರನ್ನು ಒಬ್ಬೊಬ್ಬರಾಗಿ ಮುಚ್ಚಲು ನೋಡಿದ, ಒಬ್ಬನಿಗೆ ನಾಲ್ಕು ನಿಮಿಷ ಬೇಕಾಯಿತು. ಸವಲತ್ತನ್ನೇ ಬಂದ್ ಮಾಡಲು ನೋಡಿದ, ಮುಂದಿನ ಆವೃತ್ತಿಯವರೆಗೆ ಅದಕ್ಕೆ ಅವಕಾಶವಿಲ್ಲ ಎಂದು ಬಂತು. ಹುಬ್ಬಳ್ಳಿಯ ಮೇಡಂಗೆ ಫೋನು ಮಾಡಿದ. ಮೇಡಂ ಬೆಂಗಳೂರಿಗೆ ಮಾಡಿದರು. ಬೆಂಗಳೂರಿನವರು ಊಟಕ್ಕೆ ಹೋಗಿದ್ದರು. ಹನ್ನೆರಡೂವರೆಯಾಯಿತು. ಫಕೀರವ್ವ ಕೈಯನ್ನು ನೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡು ಕೂತಿದ್ದಳು. ಕಾಶವ್ವ ಆ ನೀರು ಕಾದಾಗಲೆಲ್ಲ ತೆಗೆದು ಪಾತ್ರೆ ತೊಳೆಯುತ್ತಿದ್ದಳು. ಅದೊಂದೇ ಆ ದಿನದ ಲಾಭ.

ಕಡೆಗೆ ವಲೇರಿಯನ್ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದ. “ಇನ್ನು ಒಂದೇ ದಾರಿ ಉಂಟು ಅಮ್ಮ. ಎಲ್ಲ ಅಳಿಸಿ ಹೊಸದಾಗಿ ಹಾಕುದು. ಹತ್ತು ನಿಮಿಷದ ಕೆಲಸ. ಕೈ ತಣ್ಣಗಾಗ್ತದೆ.”

“ಎಲ್ಲ ಅಂದ್ರ?”

“ಎಲ್ಲ ಅಂದ್ರೆ ಎಲ್ಲ. ಪೆಟ್ಟಿಗೆಯಿಂದ ತೆಗೆದ ದಿನ ಹೇಗಿತ್ತು, ಹಾಗೆ.”

“ರೊಟ್ಟಿ?”

ಅವನು ತಂತಿಯನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡ.

“ಒಂದ ಕಾಪಿ ತಗದ ಇಟ್ಕೊ ಮತ್ತ.”

“ಕಾಪಿ ತೆಗೆಯುವ ಕೆಲಸವೂ ಈ ಕೈಯೇ ಮಾಡ್ಬೇಕಲ್ಲ. ಅದಕ್ಕೆ ಉಸಿರಾಡ್ಲಿಕ್ಕೇ ಜಾಗ ಇಲ್ಲ. ಮತ್ತೊಂದು ಮಾತು. ಇದೇ ಬಿಸಿಯಲ್ಲಿ ಬಿಟ್ಟರೆ ಸಂಜೆಯೊಳಗೆ ಅದು ಸುಟ್ಟು ಹೋಗ್ತದೆ. ಆಗ ಹೇಗೂ ಎಲ್ಲ ಹೋಗುದೇ.”

ಫಕೀರವ್ವ ಬಕೆಟ್ಟಿನಿಂದ ಕೈ ತೆಗೆದು ಸೆರಗಿನಿಂದ ಒರೆಸಿದಳು. ಅವಳಿಗೆ ಈಗ ಐವತ್ತಾರು. ಈ ಕೈಗೆ ರೊಟ್ಟಿ ಕಲಿಸಲು ಮೂರು ವರ್ಷ ಹಿಡಿದಿತ್ತು. ಆ ಮೂರು ವರ್ಷ ಖಾನಾವಳಿಯಲ್ಲಿ ಅನ್ನ ಮಾತ್ರ ಸಿಗುತ್ತಿತ್ತು, ಬೆಂಚುಗಳು ಎಂಟರಿಂದ ಮೂರಕ್ಕೆ ಇಳಿದಿದ್ದವು. ಇನ್ನೊಮ್ಮೆ ಹಪ್ಪಳ-ಚಪ್ಪಲಿಯಿಂದ ಶುರು ಮಾಡುವುದು ತನ್ನಿಂದಾಗದು ಎಂದು ಅವಳಿಗೆ ಗೊತ್ತಿತ್ತು. ಆ ಮಾತನ್ನು ಅವಳು ಬಾಯಿಬಿಟ್ಟು ಆಡಲಿಲ್ಲ. ಕಾಶವ್ವನಿಗೂ ಅದು ಗೊತ್ತಿದ್ದರಿಂದ ಅವಳ ಬಾಯಿಯೂ ಒಂದು ನಿಮಿಷ ಬಂದ್ ಆಗಿತ್ತು. ಅಂಥದ್ದು ಬೆಟಗೇರಿಯಲ್ಲಿ ಅದಕ್ಕೆ ಮೊದಲು ಆಗಿರಲಿಲ್ಲ.

“ಹೇಳಿ,” ಎಂದಿತು ಮಣಿಕಟ್ಟು.

ಫಕೀರವ್ವನಿಗೆ ಸಿಟ್ಟು ನೆತ್ತಿಗೇರಿತು. “ಏನ ಹೇಳಲಿ ನಿಮಗ? ಮೂರ ದಿನದಿಂದ ನಲವತ್ತೊಂದ ಸಾವಿರ ಮಂದಿ ದಂಡಪಿಂಡಗೋಳಗತೆ ನಿಂತೀರಿ. ನನ್ನ ಮನ್ಯಾಗ ಬಂದ ಬೀಗರ ಸೈತ ಬಳ್ಳೊಳ್ಳಿ ಸುಲದಾರು, ನೀವು ಹೇಳ್ರಿ ಹೇಳ್ರಿ ಅಂತ ಬಾಯಿ ಬಿಟ್ಕೊಂಡ ನಿಂತೀರಿ. ಕೆಲಸ ಮಾಡಾಕ ಬಂದ್ರ ಕೆಲಸ ಮಾಡ್ಬೇಕಪ್ಪ.”

“ಯಾವ ಕೆಲಸ? ಹೇಳಿ,” ಎಂದಿತು ಧ್ವನಿ.

ಫಕೀರವ್ವ ಒಲೆಯ ಕಡೆ ನೋಡಿದಳು, ಪರಾತದಲ್ಲಿ ನಾದಿಟ್ಟ ಹಿಟ್ಟಿನ ಕಡೆ ನೋಡಿದಳು. ಆಮೇಲೆ ವಲೇರಿಯನ್ನನ ಕಡೆ ತಿರುಗಿದಳು.

“ತಮ್ಮಾ, ಇವ್ರ ಏನ ಕೆಲಸ ಹೇಳಿದ್ರೂ ಮಾಡ್ತಾರೇನ?”

“ಕೈಗೆ ಬರುವ ಕೆಲಸ ಏನಾದ್ರೂ ಮಾಡ್ತಾರೆ. ಒಬ್ಬನಿಗೆ ಒಂದೇ ಕೆಲಸ. ಮಾಡಿ ಮುಗಿಸಿ ಹೋಗ್ತಾನೆ.”

“ಮಾಡಿದ್ರ ಹೋಗ್ತಾರ?”

“ಹೋಗಲೇಬೇಕು. ನಿಯಮ ಹಾಗೆ ಉಂಟು.”

“ಈ ಕೈಗೆ ರೊಟ್ಟಿ ಬಡ್ಯಾಕ ಬರ್ತೈತಿ. ಒಬ್ಬೊಬ್ಬನಿಗೆ ಎರಡೆರಡ ಏಟ ಬಡಿ ಅಂತ ಹೇಳಾಕ ಬರ್ತೈತೇನ?”

ವಲೇರಿಯನ್ ತಟ್ಟೆಯ ಮೇಲೆ ಬೆರಳಾಡಿಸಿದ. “ಅವರು ಬಡಿದರೆ ಅದು ನೀವು ತಟ್ಟಿದ್ದು ಅಂತ ಲೆಕ್ಕ ಆಗುದಿಲ್ಲ, ಹೊಸಬರು ಬರುದಿಲ್ಲ,” ಎಂದು ತನಗೆ ತಾನೇ ಹೇಳಿಕೊಂಡ. “ನಿಮ್ಮ ಒಂದೇ ಮಾತು ಎಲ್ಲರಿಗೂ ಕೇಳುವ ಹಾಗೆ ನಾನು ಮಾಡಬಹುದು. ಒಬ್ಬನ ಹಿಂದೆ ಒಬ್ಬ ಬರಬೇಕು, ಇಲ್ಲದಿದ್ರೆ ಕೈ ಮುರೀತದೆ. ಅಮ್ಮ, ಅರವತ್ತು ಜನಕ್ಕೆ ಒಂದು ರೊಟ್ಟಿ. ಒಟ್ಟು ಆರುನೂರ ತೊಂಬತ್ತು ರೊಟ್ಟಿ ಉಂಟು ಒಳಗೆ.”

“ಅಜ್ಜಾರಿಗೆ ಆರುನೂರ ಬೇಕು. ತೊಂಬತ್ತ ರಾತ್ರಿ ಊಟಕ್ಕಾತು. ಕಾಶವ್ವಾ, ಮೂರೂ ಒಲಿ ಹಚ್ಚು.”

ಒಂದು ಗಂಟೆಗೆ ಶುರುವಾಯಿತು. ಫಕೀರವ್ವ ಚಕ್ಕಳಮಕ್ಕಳ ಹಾಕಿ ಕೂತು, ಬಿಸಿ ಕೈಯನ್ನು ಉಂಡೆಯ ಮೇಲೆ ಹಿಡಿದು, ಮಣಿಕಟ್ಟಿಗೆ ಹೇಳಿದಳು. “ಎಲ್ಲಾರೂ ಕೇಳ್ರಿ. ಒಬ್ಬೊಬ್ಬರ ಬರ್ರಿ, ಎರಡ ಏಟ ಬಡೀರಿ, ಹೋಗ್ರಿ. ಅಂಚ ಸೀಳಬ್ಯಾಡ್ರಿ.”

“ಸಂತೋಷ,” ಎಂದಿತು ಧ್ವನಿ.

ಮೊದಲ ಒಂದೆರಡು ನಿಮಿಷ ಕೈ ಮುದಿ ಎತ್ತಿನಂತೆ ಎದ್ದು ಬಿತ್ತು. ಒಬ್ಬೊಬ್ಬನೇ ಕೆಲಸ ಮುಗಿಸಿ ಹೋದಂತೆ ಅಷ್ಟಷ್ಟು ಜಾಗ ತೆರವಾಯಿತು, ಜಾಗ ಆದಂತೆ ವೇಗ ಬಂತು. ಹತ್ತನೆಯ ರೊಟ್ಟಿಗೆ ತಪತಪ ಎಂಬ ಸದ್ದು ಒಂದಕ್ಕೊಂದು ಅಂಟಿತು. ಐವತ್ತನೆಯದಕ್ಕೆ ಕೈ ಕಾಣುವುದೇ ನಿಂತು, ಉಂಡೆಯ ಮೇಲೆ ಬೂದಿ ಬಣ್ಣದ ಒಂದು ಮೋಡ ಮಾತ್ರ ಕಾಣುತ್ತಿತ್ತು. ಉಂಡೆ ಇಟ್ಟರೆ ಸಾಕು, ಹೂವು ಅರಳಿದ ಹಾಗೆ ಅರಳಿ ರೊಟ್ಟಿಯಾಗಿ ಪರಾತದ ಅಂಚು ಮುಟ್ಟುತ್ತಿತ್ತು. ಎಡಗೈಯಿಂದ ಅದನ್ನೆತ್ತಿ ಹಂಚಿಗೆ ಎಸೆಯುವಷ್ಟರಲ್ಲಿ ಇನ್ನೊಂದು ಸಿದ್ಧ. ಕೈ ಎಬ್ಬಿಸಿದ ಗಾಳಿಗೆ ಮೂರು ಒಲೆಗಳೂ ಧಗಧಗ ಉರಿದವು, ಊದುವ ಕೊಳವೆಯೇ ಬೇಕಾಗಲಿಲ್ಲ. ಬಸ್‌ ನಿಲ್ದಾಣದಲ್ಲಿ ಮಳೆ ಬಂತೆಂದು ಕೊಡೆ ಬಿಚ್ಚಿದವರೂ ಇದ್ದರಂತೆ.

ಕಾಶವ್ವ ಎರಡು ಕೈಯಲ್ಲಿ ಮೂರು ಹಂಚು ನೋಡಿಕೊಂಡಳು. ಉಂಡೆ ಮಾಡಿಕೊಡಲು ಜನ ಸಾಲದೆ ವಲೇರಿಯನ್ನನನ್ನು ಕೂರಿಸಿದರು.

“ಎಂಜಿನಿಯರ್ ಸಾಹೇಬ್ರ, ಅದು ಉಂಡಿ ಏನ್ ಗುಂಡಕಲ್ಲ? ಸಣ್ಣದ ಮಾಡ್ರಿ,” ಎಂದಳು ಕಾಶವ್ವ.

“ನಮ್ಮಲ್ಲಿ ನೀರುದೋಸೆ ಮಾರಾಯ್ರೆ. ಹುಯ್ದರೆ ಆಯ್ತು.”

“ಹುಯ್ಯೂದೇನ ದೊಡ್ಡ ಕೆಲಸ. ಮಳಿನೂ ಹುಯ್ತೈತಿ.”

ಬೇಗ ಬಂದ ಪಾದಯಾತ್ರೆಯವರೂ ಸಾಲಾಗಿ ಕೂತರು. ಬೆಂದ ರೊಟ್ಟಿಗಳನ್ನು ಒಲೆಯ ಸುತ್ತ ನಿಲ್ಲಿಸಿ, ಒಣಗಿಸಿ, ಬಟ್ಟೆಯಲ್ಲಿ ಕಟ್ಟಿದರು. ಹುಬ್ಬಳ್ಳಿಯ ಮೇಡಂ ವಲೇರಿಯನ್ನನ ತಟ್ಟೆಯಲ್ಲಿ ಮುಖ ತೋರಿಸಿ, ಪರದೆಯ ಮೇಲೆ ನಲವತ್ತೊಂದು ಸಾವಿರ ಇದ್ದದ್ದು ಮೂವತ್ತು ಸಾವಿರಕ್ಕೆ ಇಳಿಯಿತು, ಇಪ್ಪತ್ತಕ್ಕೆ ಇಳಿಯಿತು ಎಂದು ಕ್ರಿಕೆಟ್ಟಿನ ಸ್ಕೋರಿನಂತೆ ಕೂಗುತ್ತಿದ್ದರು. ಪ್ರೊಸೆಸರ್ ಎಂಬತ್ತು, ಅರವತ್ತು, ನಲವತ್ತು. ಬೆಂಗಳೂರಿನವರು ಊಟ ಮುಗಿಸಿ ಬಂದು, ಎಲ್ಲವನ್ನೂ ಅಳಿಸಿಬಿಡಿ ಎಂದು ಉತ್ತರ ಕಳಿಸಿದ್ದರು. ಮೇಡಂ ಅದನ್ನು ಓದಲು ಪುರಸೊತ್ತಿಲ್ಲವೆಂದರು.

ಫಕೀರವ್ವನಿಗೆ ಈಗ ಮಾಡಲು ಹೆಚ್ಚು ಕೆಲಸವಿರಲಿಲ್ಲ. ತೋಳನ್ನು ಹಿಡಿದು ಕೂತರೆ ಸಾಕಿತ್ತು. ವೇಗ ಇಳಿದು, ಕೈ ಮತ್ತೆ ಕಣ್ಣಿಗೆ ಕಾಣುವಷ್ಟಾದಾಗ ಅವಳು ಅದನ್ನೇ ನೋಡುತ್ತಿದ್ದಳು. ತನ್ನ ಬಡಿತವನ್ನು ತಾನೇ ಹೊರಗಿನಿಂದ ನೋಡಿದ್ದು ಅವಳಿಗೆ ಅದೇ ಮೊದಲು. ಪ್ರತಿ ಹತ್ತು ಏಟಿಗೊಮ್ಮೆ ಕೈಯ ಕಿರುಬೆರಳು ಸ್ವಲ್ಪ ಮೇಲೆದ್ದು, ನೊಣ ಓಡಿಸಿದ ಹಾಗೆ ಕೊಂಕಿ, ಮತ್ತೆ ಕೂಡಿಕೊಳ್ಳುತ್ತಿತ್ತು. ಅವಳು ಅದನ್ನು ಕಲಿಸಿರಲಿಲ್ಲ. ಎಡಗೈಗೆ ಆ ಚಾಳಿ ಇರಲೇ ಇಲ್ಲ. ಅದು ಗಿರಣಿಯ ಬೆಲ್ಟಿಗೆ ಹೋದ ಬಲಗೈಯ ಚಾಳಿ. ಬಳೆಗೆ ಹಿಟ್ಟು ಹತ್ತಬಾರದೆಂದು ಹುಡುಗಿಯಾಗಿದ್ದಾಗಿನಿಂದ ಅವಳು ಹಾಗೆ ಮಾಡುತ್ತಿದ್ದಳು. ತೋಳಿನ ನರ ಅದನ್ನು ಇಟ್ಟುಕೊಂಡಿತ್ತು, ಸದ್ದಿಲ್ಲದೆ ಬೆಂಕಿಪೆಟ್ಟಿಗೆಗೆ ಹೇಳಿಕೊಟ್ಟಿತ್ತು.

“ವೈನಿ, ಉಂಡಿ ಮುಗದಾವೇನ? ಯಾಕ ನಿಂತ್ರಿ?” ಎಂದಳು ಕಾಶವ್ವ.

“ನಿಂತಿಲ್ಲ. ಇಡು,” ಎಂದಳು ಫಕೀರವ್ವ.

ಮೂರೂವರೆಗೆ ಕಡೆಯ ರೊಟ್ಟಿ ಹಂಚಿಗೆ ಬಿತ್ತು. ವಲೇರಿಯನ್ ತಟ್ಟೆ ನೋಡಿ, “ಪ್ರೊಸೆಸರ್ ನಾಲ್ಕು ಪರ್ಸೆಂಟ್,” ಎಂದು ಗೋಡೆಗೆ ಒರಗಿದ. ಮುಖದ ತುಂಬ ಹಿಟ್ಟು, ಕಣ್ಣು ಮಾತ್ರ ಕಾಣುತ್ತಿದ್ದವು. ಫಕೀರವ್ವ ಕೈಯನ್ನು ಕೆನ್ನೆಗೆ ಒತ್ತಿ ನೋಡಿದಳು. ತಣ್ಣಗಿತ್ತು. ಕಾಪಿಯನ್ನೂ ತೆಗೆದಿಡು ಎಂದಳು, ಅವನು ಒಂದಲ್ಲ ಎರಡು ತೆಗೆದ.

“ನಾಳೆ ಮತ್ತ ಬಡದ್ರ ಮತ್ತ ಬರ್ತಾರಲ್ಲ ಇವ್ರು?” ಎಂದಳು ಕಾಶವ್ವ.

“ಬರ್ತಾರೆ. ಅದಕ್ಕೆ ಈ ಮಾತನ್ನೇ ಕಾಯಂ ಅಪ್ಪಣೆ ಮಾಡಿ ಇಟ್ಟಿದ್ದೇನೆ. ಬಂದವ ಎರಡು ಏಟು ಬಡಿದು ಹೋಗ್ತಾನೆ. ಅಮ್ಮ ಒಂದು ರೊಟ್ಟಿಯ ಅರ್ಧ ಬಡಿದರೆ ಉಳಿದರ್ಧ ಅವರೇ ಮಾಡ್ತಾರೆ.”

ಗುರುಬಸಪ್ಪ ರೊಟ್ಟಿಯ ಗಂಟುಗಳನ್ನು ಎಣಿಸಿ ಹೆಗಲಿಗೇರಿಸಿದರು. ನಲವತ್ತು ಮಂದಿ ಮಲ್ಲಯ್ಯನ ಹೆಸರು ಹೇಳುತ್ತ ಹೊರಟರು. ಅವರು ತಿರುವಿನಲ್ಲಿ ಮರೆಯಾದ ಮೇಲೆ ಫಕೀರವ್ವ ತಟ್ಟೆಯೊಂದಕ್ಕೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಒಂದು ಮುದ್ದೆ ಬೆಣ್ಣೆ ಹಾಕಿ ವಲೇರಿಯನ್ನನ ಮುಂದಿಟ್ಟಳು. ಅವನು ಒಂದು ಕೈಯಲ್ಲಿ ಉಣ್ಣುತ್ತ ಇನ್ನೊಂದರಲ್ಲಿ ಕಂಪನಿಗೆ ವರದಿ ಬರೆಯತೊಡಗಿದ. ಎರಡು ರೊಟ್ಟಿ ಮುಗಿದರೂ ವರದಿ ಮುಗಿಯಲಿಲ್ಲ.

“ಎಂತ ಬರೆಯುದು ಅಂತಲೇ ತಿಳಿಯುದಿಲ್ಲ ಅಮ್ಮ. ಇಲ್ಲಿ ಒಂದು ಕಡೆ ತೊಂದರೆಗೆ ಕಾರಣ ಅಂತ ಉಂಟು. ಜಾಗ ಇರುದು ಒಂದೇ ಸಾಲು.”

ಫಕೀರವ್ವ ಮೂರನೆಯ ರೊಟ್ಟಿ ಅವನ ತಟ್ಟೆಗೆ ಹಾಕಿದಳು.

“ಬಂದವ್ರಿಗೆ ಯಾರೂ ಕೆಲಸ ಹೇಳಿರಲಿಲ್ಲ ಅಂತ ಬರಿ.”